ಕಬ್ಬಿನ ಟ್ರ್ಯಾಕ್ಟರಿಗೆ ಬೆಚ್ಚುವ ಕಾರು

ಕೆನಡಾದಲ್ಲಿ ಇರುವವರಿಗೆ ರಿಮೋಟ್ ಸ್ಟಾರ್ಟರ್ ಯಾಕೆ ಬೇಕು ಅನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ ಮೈನಸ್ 20 ಡಿಗ್ರಿ. ಕಾರಿನ ಗಾಜಿನ ಮೇಲೆ ಹಿಮ. ಮನೆಯೊಳಗೇ ಕಾಫಿ ಹೀರುತ್ತಾ ಗುಂಡಿ ಒತ್ತಿದರೆ, ಹೊರಗೆ ಕಾರು ಸ್ಟಾರ್ಟ್ ಆಗಿ, ಒಳಗೆಲ್ಲ ಬೆಚ್ಚಗೆ ಮಾಡಿಕೊಂಡು ಕಾಯುತ್ತಿರುತ್ತದೆ. ಮಂಡ್ಯದಲ್ಲಿ ಕಾರು ಬಿಸಿ ಮಾಡುವ ಕೆಲಸವನ್ನು ಸೂರ್ಯ ಪುಕ್ಕಟೆ ಮಾಡಿಕೊಡುತ್ತಾನೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಸ್ಟೇರಿಂಗ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ನಮಗೆ ಬೇಕಾದದ್ದು ಉಲ್ಟಾ. ಎಸಿ ಆನ್ ಮಾಡಿಟ್ಟು ಇಳಿದಿದ್ದರೆ, ಹತ್ತುವ ಮುಂಚೆ ಗುಂಡಿ ಒತ್ತಿ ಕಾರನ್ನು ತಣ್ಣಗೆ ಮಾಡಿಕೊಳ್ಳಬಹುದು ಅನ್ನುವ ಆಸೆ.

ಆಸೆ ಹುಟ್ಟಿಸಿದ್ದು ಟೊರಾಂಟೊದಲ್ಲಿರುವ ಭಾವಮೈದ. ವಿಡಿಯೊ ಕಾಲ್ ಮಾಡಿ, ಅಡುಗೆಮನೆ ಕಿಟಕಿಯಲ್ಲಿ ನಿಂತು ಗುಂಡಿ ಒತ್ತಿ ತೋರಿಸಿದ. ಹೊರಗಡೆ ಕಾರು ಗುರ್ ಅಂದಿತು. ಹೆಂಡತಿ ತಮ್ಮನನ್ನು ಹೆಮ್ಮೆಯಿಂದ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ಎರಡನೇ ನೋಟಕ್ಕೇ ಖರ್ಚು ಶುರುವಾಯಿತು.

ಅವನು ಅದಕ್ಕೆ ಕೊಟ್ಟ ಡಾಲರನ್ನು ರೂಪಾಯಿ ಮಾಡಿದರೆ ನನ್ನ 2009ರ ಕಾರಿನ ಅರ್ಧ ಬೆಲೆ. ಹಾಗಾಗಿ ಅಲಾರಂ, ಸೆಂಟ್ರಲ್ ಲಾಕು, ರಿಮೋಟ್ ಸ್ಟಾರ್ಟು ಮೂರೂ ಒಂದೇ ಡಬ್ಬದಲ್ಲಿ ಬರುವ ಕಿಟ್ಟನ್ನು ನಾಲ್ಕು ಸಾವಿರದೊಳಗೆ ತರಿಸಿದೆ. ಜೊತೆಗೆ ಬಂದ ಹಾಳೆಯಲ್ಲಿ ಯಾವ ವೈರಿನ ಬಣ್ಣ ಯಾವುದು ಅಂತ ಅಚ್ಚುಕಟ್ಟಾಗಿ ಬರೆದಿತ್ತು. ನಮ್ಮ ಕಾರಿನ ವೈರುಗಳು ಆ ಹಾಳೆ ಓದಿರಲಿಲ್ಲ. ಎಲೆಕ್ಟ್ರಿಷಿಯನ್ ಹುಡುಗ ಸ್ಟೇರಿಂಗ್ ಕೆಳಗೆ ಅಂಗಾತ ಮಲಗಿ, ಟೆಸ್ಟ್ ಬಲ್ಬ್ ಹಿಡಿದು ಒಂದೊಂದೇ ಹುಡುಕಿದ. ಯಾವಾಗಲೂ 12 ವೋಲ್ಟ್ ಇರುವುದು ಒಂದು, ಕೀ ತಿರುಗಿಸಿದಾಗ ಬರುವುದು ಒಂದು, ಸ್ಟಾರ್ಟರ್ ಮೋಟರಿಗೆ ಹೋಗುವುದು ಒಂದು. ‘ಕೀ ಮಾಡೋ ಕೆಲಸಾನ ರಿಲೇ ಮಾಡುತ್ತೆ, ಇನ್ನೇನಿಲ್ಲ ಸಾರ್’ ಅಂದ. ಕೆಳಗಿಂದ ಒಂದು ಕಿಡಿ ಹಾರಿತು. ‘ಏನೂ ಆಗಲ್ಲ’ ಅಂತಲೂ ಸೇರಿಸಿದ.

ಆಮೇಲೆ ಎದ್ದು ಕೂತು, ‘ಡೂಪ್ಲಿಕೇಟ್ ಕೀ ಇದೆಯಾ?’ ಅಂತ ಕೇಳಿದ. ನಮ್ಮ ಕೀ ಒಳಗೊಂದು ಚಿಪ್ ಇರುತ್ತದೆ. ಆ ಚಿಪ್ ಹತ್ತಿರ ಇಲ್ಲದಿದ್ದರೆ ಇಮ್ಮೊಬಿಲೈಸರ್ ಎಂಜಿನ್ ಓಡಲು ಬಿಡುವುದಿಲ್ಲ. ಕಳ್ಳರಿಗೆ ಅಂತಲೇ ಮಾಡಿದ ಏರ್ಪಾಡು. ರಿಮೋಟಿನಲ್ಲಿ ಸ್ಟಾರ್ಟ್ ಮಾಡುವಾಗ ಕೀ ಮನೆಯಲ್ಲಿರುತ್ತದಲ್ಲ? ಅದಕ್ಕೇ ಇನ್ನೊಂದು ಚಿಪ್ಪನ್ನು ಕಾರಿನೊಳಗೇ, ಕೀ ಹಾಕುವ ಜಾಗದ ಹತ್ತಿರ ಬಚ್ಚಿಟ್ಟು ಕಟ್ಟಬೇಕಂತೆ. ಅಂದರೆ ಕಂಪನಿಯವರು ಕೊಟ್ಟ ರಕ್ಷಣೆಯನ್ನು ತೆಗೆದು, ಅದರ ಜಾಗದಲ್ಲಿ ಬಾಯಿ ಮಾಡುವ ಅಲಾರಂ ಕೂರಿಸುವುದು. ‘ಬೀಗದ ಕೈಯನ್ನ ಬಾಗಿಲಿಗೇ ನೇತು ಹಾಕಿ ನಾಯಿ ಸಾಕಿದ ಹಾಗಾಯ್ತು’ ಅಂದಳು ಹೆಂಡತಿ. ಅಷ್ಟರಲ್ಲಿ ಡ್ಯಾಶ್‌ಬೋರ್ಡ್ ಮುಕ್ಕಾಲು ಭಾಗ ಬಿಚ್ಚಿಯಾಗಿತ್ತು.

ನಿಜವಾದ ಫಜೀತಿ ಗೇರಿನದು. ಭಾವಮೈದನ ಕಾರು ಆಟೊಮ್ಯಾಟಿಕ್. ಪಾರ್ಕ್‌ನಲ್ಲಿ ಇಟ್ಟರೆ ಸಾಕು, ಎಂಜಿನ್ ಓಡಿದರೂ ಕಾರು ಅಲ್ಲಾಡುವುದಿಲ್ಲ. ನಮ್ಮದು ಕೈ ಗೇರು. ಇಳಿಜಾರಿನಲ್ಲಿ ಫಸ್ಟ್ ಗೇರಿಗೆ ಹಾಕಿ ಇಳಿಯಬೇಕು ಅಂತ ಡ್ರೈವಿಂಗ್ ಕಲಿಸಿದವರೇ ಹೇಳಿಕೊಟ್ಟಿರುತ್ತಾರೆ. ಗೇರಿನಲ್ಲಿರುವ ಗಾಡಿಗೆ ರಿಮೋಟ್ ಒತ್ತಿದರೆ, ಡ್ರೈವರ್ ಇಲ್ಲದೆ ಅದು ಮುಂದಕ್ಕೆ ನೆಗೆಯುತ್ತದೆ. ಇದಕ್ಕೆ ಕಿಟ್ಟಿನವರು ಒಂದು ಉಪಾಯ ಇಟ್ಟಿದ್ದಾರೆ. ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗಲೇ ರಿಮೋಟ್ ಒತ್ತಿ ಕೀ ಕಿತ್ತುಕೊಳ್ಳಬೇಕು. ಇಳಿದು ಬಾಗಿಲು ಹಾಕಿ ಲಾಕ್ ಮಾಡಿದ ಮೇಲೆ ಎಂಜಿನ್ ತಾನಾಗಿ ನಿಲ್ಲುತ್ತದೆ. ಒಳಗೆ ಯಾರೂ ಇಲ್ಲದೆಯೂ ಎಂಜಿನ್ ಓಡಿತಲ್ಲ, ಹಾಗಾಗಿ ಗೇರು ನ್ಯೂಟ್ರಲ್ ಅಂತ ಕಿಟ್ಟಿಗೆ ಆಗ ನಂಬಿಕೆ. ನಡುವೆ ಯಾರಾದರೂ ಬಾಗಿಲು ತೆಗೆದರೆ ನಂಬಿಕೆ ಹೋಯಿತು, ರಿಮೋಟ್ ಸ್ಟಾರ್ಟ್ ರದ್ದು.

ಈ ಶಾಸ್ತ್ರವನ್ನು ಬೀದಿಯಲ್ಲಿ ಮಾಡಿ ನೋಡಿ, ಗೊತ್ತಾಗುತ್ತದೆ. ಕೀ ನನ್ನ ಕೈಯಲ್ಲಿ, ಗಾಡಿ ಗಡಗಡ ಓಡುತ್ತಿದೆ, ನಾನು ಗೇಟಿನ ಕಡೆ ನಡೆಯುತ್ತಿದ್ದೇನೆ. ಎದುರು ಮನೆಯ ಮೇಷ್ಟ್ರು ಪೇಪರ್ ಬಿಸಾಕಿ ಓಡಿ ಬಂದರು. ‘ಅಯ್ಯೋ, ಗಾಡಿ ಆಫ್ ಮಾಡಿಲ್ಲ ನೀವು!’ ಅಂತ ಕೂಗುತ್ತಾ, ಒಳ್ಳೆಯ ಮನಸ್ಸಿನಿಂದಲೇ ಬಾಗಿಲಿನ ಹಿಡಿ ಎಳೆದರು. ಹಿಂದಿನ ಎಡ ಬಾಗಿಲಿನ ಲಾಕಿಗೆ ಶಕ್ತಿ ಕಮ್ಮಿ, ಅದು ಮನಸ್ಸಿದ್ದರೆ ಮಾತ್ರ ಬೀಳುತ್ತದೆ. ಅವರು ಹಿಡಿದದ್ದು ಸರಿಯಾಗಿ ಅದನ್ನೇ. ಬಾಗಿಲು ತೆಗೆಯಿತು, ಸೈರನ್ ಶುರುವಾಯಿತು, ಮೇಷ್ಟ್ರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಇಷ್ಟೆಲ್ಲ ವಿವರಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗ್ತಿರಲಿಲ್ವಾ?’

ಇನ್ನು ಶಾಕ್ ಸೆನ್ಸರ್. ಕಾರಿಗೆ ಪೆಟ್ಟು ಬಿದ್ದರೆ ಕೂಗಬೇಕಾದ ಸಣ್ಣ ಡಬ್ಬಿ. ಅದರ ಸೂಕ್ಷ್ಮತೆ ಏರಿಸಲು ಇಳಿಸಲು ಒಂದು ಸ್ಕ್ರೂ ಇರುತ್ತದೆ. ಇದನ್ನು ಮಾಡಿದವರು ಯಾರೂ ಕಬ್ಬಿನ ಸೀಸನ್‌ನಲ್ಲಿ ಮಂಡ್ಯ ನೋಡಿದ ಹಾಗೆ ಕಾಣುವುದಿಲ್ಲ. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರು. ಕಬ್ಬು ಬೆಟ್ಟದಷ್ಟು ಹೇರಿಕೊಂಡು, ಹಿಂದೆ ಜೋಡಿ ಟ್ರೇಲರ್ ಎಳೆಯುತ್ತಾ, ಸ್ಪೀಕರ್ ಪೂರ್ತಿ ಜೋರು ಮಾಡಿಕೊಂಡು ಟ್ರ್ಯಾಕ್ಟರ್ ಬರುತ್ತದೆ. ಮನೆಯ ಕಿಟಕಿ ಗಾಜೇ ಅದುರುತ್ತದೆ, ಕಾರಿನ ಪಾಡೇನು? ಮೊದಲು ಹಾಡು, ಅದರ ಬಾಲಕ್ಕೆ ನಮ್ಮ ಸೈರನ್. ಅದರದ್ದು ಆರು ರಾಗ. ಪೊಲೀಸ್ ಜೀಪಿನಿಂದ ಹಿಡಿದು ಜೀರುಂಡೆಯವರೆಗೂ ಸರದಿ ಪ್ರಕಾರ ಬರುತ್ತದೆ. ಬೀದಿಯ ಮಕ್ಕಳು ಆರನ್ನೂ ಕ್ರಮ ತಪ್ಪದೆ ಕಲಿತರು. ಸ್ಕ್ರೂ ಇಳಿಸಿದರೆ ತೆಂಗಿನ ಗರಿ ಬಾನೆಟ್ ಮೇಲೆ ಬಿದ್ದರೂ ಸದ್ದಿಲ್ಲ. ಏರಿಸಿದರೆ ಬೆಕ್ಕು ಕೂತರೂ ಬೊಬ್ಬೆ. ನಡುವೆ ಒಂದು ಹದ ಇದೆ ಅಂತ ಎಲೆಕ್ಟ್ರಿಷಿಯನ್ ಈಗಲೂ ನಂಬಿದ್ದಾನೆ.

ಬ್ಯಾಟರಿ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕಾವಲು ಕಾಯುವ ಅಲಾರಂ ಗಾಡಿ ನಿಂತಾಗಲೂ ಚೂರು ಚೂರು ಕರೆಂಟ್ ಕುಡಿಯುತ್ತಿರುತ್ತದೆ. ಹೊಸ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ, ನಮ್ಮದು ಹೊಸದಲ್ಲ. ಬೀದಿಯವರೆಲ್ಲ ಸೇರಿ ತಳ್ಳಿದರು. ಸೈರನ್ನಿನಿಂದ ನಿದ್ದೆ ಕೆಟ್ಟವರು ಸ್ವಲ್ಪ ಜಾಸ್ತಿ ಹುಮ್ಮಸ್ಸಿನಿಂದಲೇ ತಳ್ಳಿದರು.

ಅದಾದ ಮೇಲೆ ಪಾಂಡವಪುರದ ಕಡೆ ಒಂದು ಬೀಗರೂಟ. ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದೆ. ಪಕ್ಕದವರು ‘ಕಾಲ್ಸೂಪು ಈ ಕಡೆ’ ಅಂತ ಕರೆಯಲು ವಾಲಿದರು. ಜೇಬಿನಲ್ಲಿದ್ದ ರಿಮೋಟಿನ ಪ್ಯಾನಿಕ್ ಗುಂಡಿ ಅದುಮಿಕೊಂಡಿತು. ಶಾಮಿಯಾನದ ಹಿಂದೆ, ನನ್ನ ಕಾರಿನ ಪಕ್ಕದಲ್ಲೇ, ಹಿರಿಯರು ಕೆಲವರು ಜಮಖಾನ ಹಾಸಿಕೊಂಡು ಇಸ್ಪೀಟಿನಲ್ಲಿ ಮುಳುಗಿದ್ದರು. ಸೈರನ್ನಿನ ಮೊದಲ ರಾಗ ಪೊಲೀಸ್ ಜೀಪಿನದು ಅಂತ ಹೇಳಿದೆನಲ್ಲ?

ಎರಡನೇ ರಾಗ ಬರುವಷ್ಟರಲ್ಲಿ ಜಮಖಾನ ಖಾಲಿ. ಬಿಳಿ ಪಂಚೆಗಳು ಕಬ್ಬಿನ ಗದ್ದೆಯೊಳಗೆ ಮಾಯವಾದವು. ಮಂಡಿ ನೋವು ಅಂತ ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಏಳದಿದ್ದ ಒಬ್ಬರು ಬದು ಹಾರಿದ್ದನ್ನು ನಾನೇ ನೋಡಿದೆ. ರಿಮೋಟಿನ ಸೆಲ್ಲು ಬೇರೆ ಸೊರಗಿತ್ತು, ಊಟದ ಸಾಲಿನಿಂದ ಒತ್ತಿದರೆ ಆಫ್ ಆಗಲಿಲ್ಲ. ಮುದ್ದೆ ಅಂಟಿದ ಕೈಯಲ್ಲೇ ಓಡಿ ಹೋಗಿ ನಿಲ್ಲಿಸಿದೆ.

ದೊಡ್ಡಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತಾ ಬಂದು ರಿಮೋಟನ್ನು ತಿರುಗಿಸಿ ನೋಡಿದರು. ‘ಇದ್ರಲ್ಲಿ ಎಷ್ಟು ದೂರದಿಂದ ಸ್ಟಾರ್ಟ್ ಆಯ್ತದೆ?’

‘ಸೆಲ್ಲು ಚೆನ್ನಾಗಿದ್ರೆ ಐವತ್ತು ಮೀಟರ್.’

ಅವರು ಜೇಬಿನಿಂದ ಹಳೇ ಗುಂಡಿ ಫೋನ್ ತೆಗೆದರು. ಅವರ ಬೋರ್‌ವೆಲ್ ಮೋಟರಿಗೆ ಸಿಮ್ ಹಾಕಿದ ಸ್ಟಾರ್ಟರ್ ಇದೆ. ನಮ್ಮ ಕಡೆ ತೋಟ ತೋಟದಲ್ಲೂ ಅದೇ. ಒಂದು ಕಾಲ್ ಕೊಟ್ಟರೆ ಎಲ್ಲಿಂದ ಬೇಕಾದರೂ ನೀರು ಶುರು. ‘ಮಗಳ ಮನೆ ಬೆಂಗಳೂರಲ್ಲಿ ಕೂತ್ಕಂಡು ಗದ್ದೆಗೆ ನೀರು ಬುಡ್ತೀನಿ ಕಣ್ಲಾ. ಐವತ್ತು ಮೀಟ್ರು ನಡೆಯಕ್ಕೂ ಆಗಕಿಲ್ವಾ ನಿಂಗೆ?’

ಗದ್ದೆಯಿಂದ ಒಬ್ಬೊಬ್ಬರೇ ಈಚೆ ಬಂದರು. ಸೋಲುತ್ತಿದ್ದವರು ನನ್ನ ಬೆನ್ನು ತಟ್ಟಿ, ಒಳ್ಳೇ ಟೈಮಿಗೆ ಕೂಗ್ತು ಅಂದರು. ಮೂರು ಎಕ್ಕ ಹಿಡಿದು ಕೂತಿದ್ದವರು ಮಾತ್ರ ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ.