ಮೊಲ ಕೂಗುವುದಿಲ್ಲ, ಅದಕ್ಕೇ ನಮಗೆ ಗೊತ್ತಾಗುವುದಿಲ್ಲ

ನಾಯಿ ಹಸಿದರೆ ಬೊಗಳುತ್ತದೆ. ಬೆಕ್ಕು ಕಾಲಿಗೆ ಸುತ್ತಿಕೊಂಡು ಮನೆಯವರ ತಲೆ ತಿನ್ನುತ್ತದೆ. ಎಮ್ಮೆಗೆ ನೀರು ಕೊಡೋದು ತಡವಾದರೆ ಇಡೀ ಓಣಿಗೆ ಗೊತ್ತಾಗುತ್ತದೆ. ಮೊಲ ಮಾತ್ರ ಸುಮ್ಮನೆ ಕೂತಿರುತ್ತದೆ. ಹಸಿವಾದರೂ ಸುಮ್ಮನೆ, ಹಲ್ಲು ನೋವಾದರೂ ಸುಮ್ಮನೆ, ಬಿಸಿಲಿಗೆ ಪ್ರಾಣ ಹೋಗುತ್ತಿದ್ದರೂ ಸುಮ್ಮನೆ. ಕಲಬುರಗಿಯಲ್ಲಿ ಜನ ಬೇಡವೆಂದು ಬಿಟ್ಟ ಮೊಲಗಳನ್ನು ಮನೆಗೆ ತಂದು, ಆರೈಕೆ ಮಾಡಿ, ಬೇರೆ ಮನೆ ಹುಡುಕಿ ಕೊಡುವ ಕೆಲಸವನ್ನು ನಾನು ಮತ್ತು ನನ್ನ ಇಬ್ಬರು ಗೆಳತಿಯರು ಕೆಲವು ವರ್ಷಗಳಿಂದ ಮಾಡುತ್ತಿದ್ದೇವೆ. ಇದರಲ್ಲಿ ನನಗೆ ಅತಿ ಜಾಸ್ತಿ ಸಂಕಟ ತಂದ ಮಾತು ಬೈಗುಳವಲ್ಲ, "ಏನೂ ತ್ರಾಸ್ ಕೊಡಲ್ರಿ, ಸುಮ್ನ ಕುಂತಿರ್ತದ" ಅನ್ನೋದು. ಹೀಗೆ ಹೇಳುವವರು ಒಳ್ಳೆಯ ಜನ. ಪ್ರೀತಿಯಿಂದಲೇ ಹೇಳುತ್ತಾರೆ. ಅವರ ಮನೆಯಲ್ಲೇ ಮೊಲ ಸಾಯುತ್ತಿರುತ್ತದೆ.

ಅದರ ಸ್ವಭಾವವೇ ಹಾಗೆ. ಹದ್ದು, ನರಿ, ನಾಯಿ, ಎಲ್ಲರ ಕಣ್ಣೂ ಮೊಲದ ಮೇಲೆ. ಯಾವುದು ಕುಂಟುತ್ತದೋ ಅದೇ ಮೊದಲು ಸಿಕ್ಕಿಬೀಳುತ್ತದೆ. ಹಾಗಾಗಿ ಎಷ್ಟು ನೋವಿದ್ದರೂ ತೋರಿಸಿಕೊಳ್ಳದೇ ಇರುವುದು ಅದಕ್ಕೆ ಹುಟ್ಟಿನಿಂದ ಬಂದ ಗುಣ. ಜೀವಕ್ಕೇ ಬಂತು ಅನ್ನುವಂಥ ಭಯವಾದಾಗ ಮಾತ್ರ ಚೀರುತ್ತದೆ. ಆ ಚೀರಾಟ ಕೇಳುವ ತನಕ ಕಾದವರಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಮನೆಯಿಂದ ಫೋನ್ ಬಂತು. "ಅಕ್ಕಾ, ನಮ್ಮ ಹುಡುಗಗ ಪರೀಕ್ಷಾ ಅದ. ಮೊಲ ನೋಡಾಕ ಯಾರಿಗೂ ಟೈಮ್ ಇಲ್ಲ. ಒಯ್ತೀರೇನು?" ಹೋದೆ. ಮಾಳಿಗೆ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ತಗಡಿನ ಕೆಳಗೆ ಒಂದು ಪಂಜರ. ಅದರ ತಳವೂ ತಂತಿಯದ್ದೇ. ಒಳಗೆ ಬಿಳಿ ಮೊಲ. ಮುಂದೆ ಒಣಗಿದ ಚಪಾತಿ, ಅರ್ಧ ಗಜ್ಜರಿ, ಮುಟ್ಟಿದರೆ ಬೆಚ್ಚಗಿದ್ದ ನೀರಿನ ಡಬ್ಬಿ. ಹುಡುಗನ ತಾಯಿ ನನಗೆ ಶರಬತ್ತು ತಂದುಕೊಟ್ಟು, "ಭಾಳ ಶಾಣ್ಯಾ ಅದರಿ, ಗದ್ದಲ ಮಾಡಂಗಿಲ್ಲ" ಅಂದರು.

ಮಡಿಲಲ್ಲಿ ಇಟ್ಟುಕೊಂಡು ನೋಡಿದೆ. ಹಿಂಗಾಲಿನ ಹಿಮ್ಮಡಿಯಲ್ಲಿ ಕೂದಲೇ ಇರಲಿಲ್ಲ. ರೂಪಾಯಿ ಬಿಲ್ಲೆಯಷ್ಟು ಅಗಲ ಚರ್ಮ ಕೆಂಪಾಗಿ ಒಡೆದು, ತಂತಿ ಒತ್ತಿದ ಗೆರೆ ಮೂಡಿತ್ತು. ಉಗುರು ಬೆಳೆದು ಪಕ್ಕಕ್ಕೆ ತಿರುಗಿತ್ತು. ತುಟಿ ಸರಿಸಿದರೆ ಕೆಳಗಿನ ಹಲ್ಲು ಹೊರಗೆ ಚಾಚಿಕೊಂಡಿತ್ತು, ಮೇಲಿನದು ಬಾಯೊಳಗೆ ಸುರುಳಿ ಸುತ್ತುತ್ತಿತ್ತು. ಚಪಾತಿ ಯಾಕೆ ಹಾಗೇ ಬಿದ್ದಿತ್ತು ಅಂತ ಆಗ ಗೊತ್ತಾಯಿತು. ಅದಕ್ಕೆ ತಿನ್ನಲು ಆಗುತ್ತಿರಲಿಲ್ಲ. ಮನೆಗೆ ತಂದು ಕೋಣೆಯಲ್ಲಿ ಚಾಪೆ ಹಾಸಿ ಬಿಟ್ಟರೆ ಅದು ಓಡಲಿಲ್ಲ. ಪಂಜರ ಎಷ್ಟು ಅಗಲವಿತ್ತೋ ಅಷ್ಟೇ ಜಾಗದಲ್ಲಿ ಒಂದು ಸುತ್ತು ಹಾಕಿ ಕೂತುಬಿಟ್ಟಿತು. ಇಡೀ ಕೋಣೆ ಖಾಲಿ ಇತ್ತು.

ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಮುಂದಿನ ಹಲ್ಲು ವರ್ಷಕ್ಕೆ ಸುಮಾರು 10 ಸೆಂಟಿಮೀಟರ್‌ ಬೆಳೆಯುತ್ತದೆ. ಅದು ಸವೆಯಬೇಕೆಂದರೆ ದಿನವಿಡೀ ಹುಲ್ಲು ಅಗಿಯುತ್ತಿರಬೇಕು. ಚಪಾತಿ, ಬಿಸ್ಕತ್ತು, ಅನ್ನ, ಬ್ರೆಡ್, ಇವುಗಳಿಂದ ಹಲ್ಲು ಸವೆಯುವುದಿಲ್ಲ, ಕರುಳೂ ಕೆಡುತ್ತದೆ. ಗಜ್ಜರಿ ಮೊಲದ ಊಟ ಅನ್ನೋದು ಚಿತ್ರಪುಸ್ತಕದ ಮಾತು. ಅದರಲ್ಲಿ ಸಕ್ಕರೆ ಜಾಸ್ತಿ, ಒಂದು ಸಣ್ಣ ತುಂಡು ಸಾಕು. ನಮ್ಮಲ್ಲಿ ಕರಿಕೆ ಹುಲ್ಲು ಧಾರಾಳವಾಗಿ ಸಿಗುತ್ತದೆ, ಔಷಧಿ ಹೊಡೆಯದ ಜಾಗದ್ದು ನೋಡಿ ತರಬೇಕು ಅಷ್ಟೇ. ಕೊತ್ತಂಬರಿ ಕೊಡಬಹುದು, ನಾವು ರೊಟ್ಟಿ ಜೊತೆ ಹಸಿಯಾಗೇ ತಿನ್ನುವ ಹತ್ತರಕಿ ಸೊಪ್ಪನ್ನೂ ನಮ್ಮ ಮೊಲಗಳು ಖುಷಿಯಿಂದ ತಿನ್ನುತ್ತವೆ. ಎಳೆ ಜೋಳದ ಪೈರು ಮಾತ್ರ ಬೇಡ. ಅದರಲ್ಲಿ ವಿಷವಿರುತ್ತದೆ, ದನ ತಿಂದು ಸತ್ತದ್ದನ್ನು ನಮ್ಮ ರೈತರು ಕಂಡಿದ್ದಾರೆ. ಕುದುರೆ ಮೆಂತ್ಯ ಮರಿಗಳಿಗೆ ಸರಿ, ದೊಡ್ಡವಕ್ಕೆ ದಿನಾ ಹಾಕಿದರೆ ಕ್ಯಾಲ್ಸಿಯಂ ಜಾಸ್ತಿಯಾಗಿ ಮೂತ್ರದಲ್ಲಿ ಕಲ್ಲಾಗುತ್ತದೆ.

ಚಪಾತಿ ತಿಂದು ಬೆಳೆದ ಮೊಲಕ್ಕೆ ಒಮ್ಮೆಲೇ ಹುಲ್ಲು ಸುರಿದರೂ ತಪ್ಪೇ. ಹಳೆಯದನ್ನು ದಿನಾ ಸ್ವಲ್ಪ ಕಡಿಮೆ ಮಾಡುತ್ತಾ, ಹೊಸದನ್ನು ಸ್ವಲ್ಪ ಹೆಚ್ಚಿಸುತ್ತಾ ಹೋಗಬೇಕು. ಪ್ರತಿ ದಿನ ಬೆಳಿಗ್ಗೆ ಮೊದಲ ಕೆಲಸ ಹಿಕ್ಕೆ ನೋಡುವುದು. ದುಂಡಗೆ, ಒಂದೇ ಅಳತೆಯಲ್ಲಿ, ಬೇಕಾದಷ್ಟು ಇದ್ದರೆ ನಿಶ್ಚಿಂತೆ. ಸಣ್ಣದಾದರೆ, ಕಡಿಮೆಯಾದರೆ, ಏನೋ ಆಗಿದೆ ಎಂದೇ ಅರ್ಥ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. 12 ಗಂಟೆ ಏನೂ ತಿನ್ನದೇ, ಹಿಕ್ಕೆ ಹಾಕದೇ ಕೂತರೆ ಕರುಳು ನಿಂತುಹೋಗುತ್ತಿದೆ ಎಂದು ತಿಳಿಯಬೇಕು. "ನಾಳೆ ನೋಡೋಣ" ಅಂದರೆ ನಾಳೆ ಮೊಲ ಇರುವುದಿಲ್ಲ.

ಇನ್ನು ನಮ್ಮ ಬಿಸಿಲು. ಮೇ ತಿಂಗಳಲ್ಲಿ 42, 43 ಡಿಗ್ರಿ ಕಲಬುರಗಿಯವರಿಗೆ ಹೊಸದಲ್ಲ. ಮೊಲಕ್ಕೆ ಹಿತವಾಗುವುದು 20ರ ಆಸುಪಾಸು. 30 ದಾಟಿತೆಂದರೆ ಅದು ಕಷ್ಟದಲ್ಲಿದೆ. ಅದು ನಮ್ಮ ಹಾಗೆ ಬೆವರುವುದಿಲ್ಲ. ಮೈಯ ಬಿಸಿ ಹೊರಗೆ ಹೋಗುವುದು ಬಹುಪಾಲು ಆ ಉದ್ದ ಕಿವಿಗಳಿಂದ. ಕಿವಿ ಕೆಂಪಗೆ ಸುಡುತ್ತಿದ್ದು, ಬಾಯಿ ತೆರೆದು ಉಸಿರಾಡುತ್ತಿದ್ದರೆ ತಣ್ಣೀರಲ್ಲಿ ಬಟ್ಟೆ ಅದ್ದಿ ಕಿವಿ ಒರೆಸಿ, ನೆರಳಿಗೆ ಒಯ್ದು, ಕೂಡಲೇ ಡಾಕ್ಟರ ಹತ್ತಿರ ಹೋಗಿ. ಐಸ್ ನೀರು ಸುರಿಯಬೇಡಿ. ನೀರಲ್ಲಿ ಮುಳುಗಿಸಲೇಬೇಡಿ, ಆ ಗಾಬರಿಗೇ ಸತ್ತುಹೋಗಬಹುದು. ನಮ್ಮಲ್ಲಿ ಒಂದು ಅನುಕೂಲವಿದೆ. ಹಳೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ. ಬೇಸಿಗೆಯಲ್ಲಿ ಮೊಲಗಳು ತಾವಾಗೇ ಹೋಗಿ ಅದರ ಮೇಲೆ ಹೊಟ್ಟೆ ಚಾಚಿ ಮಲಗುತ್ತವೆ. ಪಕ್ಕದಲ್ಲಿ ನೀರು ತುಂಬಿದ ಮಣ್ಣಿನ ಗಡಿಗೆ ಇಟ್ಟರೆ ಅದಕ್ಕೆ ಒರಗಿಕೊಳ್ಳುತ್ತವೆ. ಕಾಲಿಗೆ ಗಾಯವಿದ್ದವಕ್ಕೆ ಅರ್ಧ ಜಾಗದಲ್ಲಿ ದಪ್ಪ ಹತ್ತಿ ಬಟ್ಟೆ ಹಾಸುತ್ತೇವೆ. ಮಾಳಿಗೆ ಮೇಲಿನ ತಗಡಿನ ಕೆಳಗೆ ಇಟ್ಟ ಮೊಲಕ್ಕೆ ಇವ್ಯಾವುದೂ ಇಲ್ಲ.

ಡಾಕ್ಟರ್ ವಿಷಯ ಹೇಳಲೇಬೇಕು. ನಮ್ಮ ಭಾಗದ ಪಶುವೈದ್ಯರು ದನ, ಎಮ್ಮೆ, ಆಡು, ಕುರಿ ನೋಡಿ ಪಳಗಿದವರು. ಮೊಲ ಅವರ ಮುಂದೆ ಬರುವುದೇ ಅಪರೂಪ. ಅದಕ್ಕೆ ಅವರನ್ನು ದೂರುವುದಿಲ್ಲ. ಆದರೆ ಸಾಕುವವರಿಗೆ ಕೆಲವು ವಿಷಯ ಗೊತ್ತಿರಲೇಬೇಕು. ನಾಯಿಗೆ ಬೆನ್ನಿನ ಮೇಲೆ ಹಾಕುವ ಫಿಪ್ರೊನಿಲ್ ಎಂಬ ಉಣ್ಣಿ ಔಷಧಿ ಮೊಲಕ್ಕೆ ವಿಷ. ಬಾಯಿಂದ ಕೊಡುವ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಅದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಮೊಲವನ್ನೇ ಕೊಲ್ಲಬಹುದು. ಆಪರೇಷನ್‌ಗೆ ಮುಂಚೆ ನಾಯಿಯನ್ನು ಉಪವಾಸ ಇಡುತ್ತಾರೆ, ಮೊಲವನ್ನು ಇಡಬಾರದು. ಬೆಳೆದ ಹಲ್ಲನ್ನು ಉಗುರು ಕತ್ತರಿಯಿಂದ ಕತ್ತರಿಸಿದರೆ ಬುಡದವರೆಗೆ ಸೀಳುತ್ತದೆ, ಅದನ್ನು ಸಣ್ಣ ಯಂತ್ರದಿಂದ ತೇಯಬೇಕು. ಮಾಳಿಗೆಯ ಬಿಳಿ ಮೊಲವನ್ನು ಇದಕ್ಕಾಗಿ ನಾವು ಬೀದರ್‌ನ ಪಶುವೈದ್ಯಕೀಯ ಕಾಲೇಜಿಗೆ ಒಯ್ದೆವು. ನೂರು ಕಿಲೋಮೀಟರ್ ಮೇಲಾಗುತ್ತದೆ. ಬೆಳಗಾಗುವ ಮುಂಚೆ ಹೊರಟು ಬಿಸಿಲು ಏರುವಷ್ಟರಲ್ಲಿ ಮುಟ್ಟಬೇಕು. ಬುಟ್ಟಿಯಲ್ಲಿ ಕರಿಕೆ ಇಟ್ಟಿರಬೇಕು. ಇಂಥ ಕಾಲೇಜು ನಮ್ಮ ಭಾಗದಲ್ಲೇ ಇರುವುದು ನಮ್ಮ ಪುಣ್ಯ.

ಆ ಮೊಲದ ಹಿಮ್ಮಡಿ ಮಾಯಲು ತಿಂಗಳುಗಳೇ ಬೇಕಾಯಿತು. ಮಳೆಗಾಲದಲ್ಲಿ ಇನ್ನೊಂದು ಭಯ ಶುರುವಾಯಿತು. ಹಿಂಭಾಗ ಒದ್ದೆಯಾಗಿ, ಹೊಲಸಾಗಿ ಉಳಿದರೆ ನೊಣ ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳ ಬೀಳುತ್ತವೆ. ದಿನಕ್ಕೆ ಎರಡು ಸಲ ತಿರುಗಿಸಿ ನೋಡುತ್ತಿದ್ದೆವು. ಹಲ್ಲು ಮತ್ತೆ ಮತ್ತೆ ತೇಯಿಸಬೇಕಾಯಿತು. ನಿಧಾನಕ್ಕೆ ಚಾಪೆಯ ಅಂಚಿನವರೆಗೆ ಬಂತು. ಆಮೇಲೆ ಹೊಸ್ತಿಲವರೆಗೆ. ಒಂದು ಸಂಜೆ ಪಡಸಾಲೆಯಲ್ಲಿ ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿ, ಗಾಳಿಯಲ್ಲೇ ಮೈ ತಿರುಚಿ, ಕಾಲು ಝಾಡಿಸಿ ಕೆಳಗಿಳಿಯಿತು. ಮೊಲಕ್ಕೆ ಖುಷಿಯಾದರೆ ಹಾಗೆ ಮಾಡುತ್ತದೆ. ನನ್ನ ಗೆಳತಿ ಕೈಯಲ್ಲಿದ್ದ ಜರಡಿ ಬಿಟ್ಟು ಅತ್ತುಬಿಟ್ಟಳು. ಈಗ ಅದು ಸೇಡಂ ಕಡೆಯ ಒಂದು ಮನೆಯಲ್ಲಿದೆ.

ಸಾಕಲು ಆಗದವರು ಮಾಡುವ ಇನ್ನೊಂದು ಕೆಲಸ ಹೊಲಕ್ಕೆ ಬಿಡುವುದು. "ತೊಗರಿ ಹೊಲದಾಗ ಬಿಟ್ಟು ಬಂದ್ವಿ, ಆರಾಮ ಇರ್ತದ" ಎಂದು ಸಮಾಧಾನದಿಂದ ಹೇಳುತ್ತಾರೆ. ಇಲ್ಲ, ಆರಾಮ ಇರುವುದಿಲ್ಲ. ನಮ್ಮ ಹೊಲಗಳಲ್ಲಿ ಓಡುವ ಕಂದು ಕಾಡುಮೊಲ ಬೇರೆ ಪ್ರಾಣಿ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತವೆ. ನಾವು ಸಾಕುವ ಮೊಲದ ಮೂಲ ದೂರದ ಸ್ಪೇನ್, ಪೋರ್ಚುಗಲ್ ಕಡೆಯದು. ಬಿಲ ತೋಡಿ ಗುಂಪಿನಲ್ಲಿ ಬಾಳುವ ಜಾತಿ, ಮರಿಗಳು ಕುರುಡಾಗಿ, ಬರಿಮೈಯಲ್ಲಿ ಹುಟ್ಟುತ್ತವೆ. ಎಷ್ಟೋ ತಲೆಮಾರು ಪಂಜರದಲ್ಲೇ ಬೆಳೆದ ಬಿಳಿ ಮೊಲ ಕಪ್ಪು ಎರೆ ಹೊಲದಲ್ಲಿ ಅರ್ಧ ಮೈಲಿಗೂ ಕಾಣುತ್ತದೆ. ಮೊದಲ ರಾತ್ರಿಯೇ ನಾಯಿಗಳ ಪಾಲು. ಕಾಡುಮೊಲವನ್ನು ಹಿಡಿದು ತಂದು ಸಾಕುವುದೂ ಅಷ್ಟೇ ತಪ್ಪು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ರಕ್ಷಿಸುತ್ತದೆ.

ಕಾನೂನಿನ ಮಾತು ಬಂತಲ್ಲ, ಒಂದು ಸಿಟ್ಟು ಇಲ್ಲೇ ಹೇಳಿಬಿಡುತ್ತೇನೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅಲುಗಾಡಲು ಜಾಗವಿಲ್ಲದ ಪಂಜರದಲ್ಲಿ ಇಡುವುದು, ಸಾಕಿದ ಪ್ರಾಣಿಯನ್ನು ಹಸಿವಿನಿಂದ ನರಳುವ ಹಾಗೆ ಬಿಟ್ಟುಹೋಗುವುದು, ಎರಡೂ ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಅಂತೀರಿ? 10ರಿಂದ 50 ರೂಪಾಯಿ. ರಸ್ತೆ ಬದಿ ಮಾರುವ ಒಂದು ಮರಿಗೂ ಇದಕ್ಕಿಂತ ಜಾಸ್ತಿ ಬೆಲೆ! ಸಾಕುಪ್ರಾಣಿ ಮಾರುವ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು ಎಂದು 2018ರಲ್ಲಿ ನಿಯಮ ಬಂದಿದೆ. ಬಿಸಿಲಲ್ಲಿ ತಂತಿ ಪಂಜರ ಇಟ್ಟುಕೊಂಡು ಕಣ್ಣು ಬಿಟ್ಟು ಹೆಚ್ಚು ದಿನವಾಗದ ಮರಿಗಳನ್ನು ಮಾರುವವರ ಹತ್ತಿರ ಯಾವ ನೋಂದಣಿ?

ಅಂಥ ಮರಿ ನೋಡಿ ಕನಿಕರ ಬಂದು ಕೊಂಡುಕೊಳ್ಳುವವರೂ ಇದ್ದಾರೆ. ದಯವಿಟ್ಟು ಕೊಳ್ಳಬೇಡಿ. ನೀವು ಕೊಟ್ಟ ದುಡ್ಡಿನಿಂದ ಮುಂದಿನ ವಾರ ಅದೇ ಪಂಜರಕ್ಕೆ ಇನ್ನೆರಡು ಬರುತ್ತವೆ. "ಜೋಡಿ ಒಯ್ರಿ, ಒಂದೇ ಇದ್ರ ಬ್ಯಾಸರ ಮಾಡ್ಕೋತದ" ಎಂದು ಗಂಡು ಹೆಣ್ಣು ಎರಡೂ ಕೊಟ್ಟು ಕಳಿಸುತ್ತಾರೆ. ಜೊತೆ ಬೇಕು ಅನ್ನೋದು ನಿಜವೇ. ಆದರೆ ಮೊಲದ ಗರ್ಭ ತಿಂಗಳ ಲೆಕ್ಕ, 31 ದಿನದ ಆಚೀಚೆ. ಹೆತ್ತ ದಿನವೇ ಮತ್ತೆ ಗಬ್ಬವಾಗಬಲ್ಲದು. ವರ್ಷ ತುಂಬುವಷ್ಟರಲ್ಲಿ ಮಾಳಿಗೆ ತುಂಬ ಮೊಲ. ಆಗ ನಮಗೆ ಫೋನ್ ಬರುತ್ತದೆ. ಆಪರೇಷನ್ ಮಾಡಿಸುವುದೊಂದೇ ದಾರಿ. ಮಾಡಿಸದ ಹೆಣ್ಣು ಮೊಲಗಳಿಗೆ ವಯಸ್ಸಾದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬರುವುದೂ ಬಹಳ.

ಮೊನ್ನೆ ಒಬ್ಬ ಕಾಲೇಜು ಹುಡುಗ ಫೆರೆಟ್ ಎಂಬ ಪ್ರಾಣಿ ತರಿಸಬೇಕು ಅಂತಿದ್ದೀನಿ, ಹೇಗೆ ಅಂತ ಕೇಳಿದ. ವಿಡಿಯೋ ನೋಡಿ ಆಸೆಪಟ್ಟಿದ್ದಾನೆ. ನೋಡಲು ಮುಂಗುಸಿಯಂತೆ ಉದ್ದ ಮೈ, ದಿನದ ಬಹುಪಾಲು ನಿದ್ದೆ, ಎದ್ದರೆ ಪೂರ್ತಿ ಆಟ. ಅದು ಬರೀ ಮಾಂಸ ತಿನ್ನುವ ಪ್ರಾಣಿ, ಬಿಸಿಲು ಅದಕ್ಕೂ ಆಗದು. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗ ತಗುಲಿದರೆ ಬದುಕುವುದೇ ಇಲ್ಲ ಎನ್ನಬಹುದು. ಹೊರದೇಶಗಳಲ್ಲಿ ಬೇಡವಾದ ಫೆರೆಟ್‌ಗಳಿಗೆಂದೇ ಆಶ್ರಯ ಮನೆಗಳಿವೆ. ಇಲ್ಲಿ ಅದಕ್ಕೆ ಹುಷಾರಿಲ್ಲದಿದ್ದರೆ ಯಾರ ಹತ್ತಿರ ಹೋಗುತ್ತೀಯಪ್ಪಾ ಅಂದೆ. ಅವನು ಒಳ್ಳೆಯ ಹುಡುಗ, ಕೇಳಿಸಿಕೊಂಡ. ಈಗ ಭಾನುವಾರ ಬಂದು ನಮ್ಮ ಮೊಲಗಳ ಜಾಗ ಗುಡಿಸಿ, ಕರಿಕೆ ತಂದುಕೊಡುತ್ತಾನೆ.

ನಿಮ್ಮ ಮನೆಯಲ್ಲಿ ಮೊಲವಿದ್ದು ಸಾಕಲು ಆಗುತ್ತಿಲ್ಲವೆಂದರೆ ಮೆಸೇಜ್ ಮಾಡಿ. ಬೈಯುವುದಿಲ್ಲ, ಯಾಕೆ ಎಂದೂ ಕೇಳುವುದಿಲ್ಲ. ನಮ್ಮಲ್ಲಿ ಜಾಗವಿಲ್ಲದಿದ್ದರೆ ಜಾಗ ಆಗುವ ತನಕ ನಿಮ್ಮ ಮನೆಯಲ್ಲೇ ಹೇಗೆ ನೋಡಿಕೊಳ್ಳಬೇಕು ಎಂದು ಬಂದು ತೋರಿಸುತ್ತೇವೆ. ಅಲ್ಲಿಯವರೆಗೆ ಮಾಳಿಗೆಯಿಂದ ಕೆಳಗಿಳಿಸಿ, ತಂತಿಯ ಮೇಲೆ ಒಂದು ದಪ್ಪ ಗೋಣಿಚೀಲ ಹಾಸಿ. ಕಿವಿ ಹಿಡಿದು ಎತ್ತಬೇಡಿ. ಎದೆಯ ಕೆಳಗೊಂದು ಕೈ, ಹಿಂಗಾಲಿನ ಕೆಳಗೊಂದು ಕೈ. ಹಿಂಗಾಲು ಜೋರಾಗಿ ಒದ್ದುಕೊಂಡರೆ ಅದರ ಬೆನ್ನು ಮೂಳೆಯೇ ಮುರಿಯಬಹುದು.

ಸದ್ಯ ನಮ್ಮಲ್ಲಿ ಮನೆ ಹುಡುಕುತ್ತಿರುವ ಒಂದು ಜೋಡಿ ಇದೆ. ಎರಡೂ ಗಂಡು, ಆಪರೇಷನ್ ಆಗಿದೆ, ಒಂದನ್ನೊಂದು ಬಿಟ್ಟಿರುವುದಿಲ್ಲ, ಹಾಗಾಗಿ ಒಟ್ಟಿಗೇ ಕೊಡುತ್ತೇವೆ. ದುಡ್ಡು ಬೇಡ. ಮೇ ತಿಂಗಳ ಮಧ್ಯಾಹ್ನ ಅವನ್ನು ಎಲ್ಲಿ ಇಡುತ್ತೀರಿ, ಊರಿಗೆ ಹೋದಾಗ ಯಾರು ನೋಡುತ್ತಾರೆ, ಎಂಟು ಹತ್ತು ವರ್ಷ ಬದುಕುತ್ತವೆ ಎಂಬುದು ಗೊತ್ತಿದೆಯಾ, ಇಷ್ಟು ಕೇಳುತ್ತೇವೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲೇ ಕೇಳಿಕೊಳ್ಳಿ. ಸಂಜೆ ಆರರ ಮೇಲೆ ಬನ್ನಿ, ಮಧ್ಯಾಹ್ನ ಬಂದರೆ ಎರಡೂ ಮಲಗಿರುತ್ತವೆ.