ಸಾರು ಕಾಯುತ್ತೆ, ಮುದ್ದೆ ಕಾಯಲ್ಲ

ಹಾಸನದ ಕಡೆ ಮನೆಗೆ ಬಂದವರಿಗೆ ಊಟ ಇದೆ ಅಂದರೆ ಸಾಲದು, ಬಿಸಿ ಇದೆ ಅನ್ನಬೇಕು. ‘ಕೈ ತೊಳ್ಕೊಳಿ, ಬಿಸಿ ಮುದ್ದೆ ಆಗೋಯ್ತು’ ಅಂದರೇನೇ ಕರೆದ ಹಾಗೆ. ನಾನು ಚನ್ನರಾಯಪಟ್ಟಣ ತಾಲ್ಲೂಕಿನವನು, ಹೆಂಡತಿ ಮೂಡಿಗೆರೆ ಕಡೆಯವಳು. ಕೆಲಸ ಹುಡುಕಿಕೊಂಡು ವಡೋದರಾಕ್ಕೆ ಬಂದವರು ಇಲ್ಲೇ ನೆಲೆ ನಿಂತಿದ್ದೇವೆ. ಗುಜರಾತಿಗಳ ಅಡುಗೆಮನೆಯನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಅನಿಸಿದ್ದನ್ನು ಹೇಳಿಬಿಡುತ್ತೇನೆ. ಬಿಸಿ ಊಟಕ್ಕೆ ಹಠ ಮಾಡುವವರು ಒಬ್ಬರು, ಒಲೆ ಮುಂದೆ ಬೇಯುವವರು ಇನ್ನೊಬ್ಬರು. ಇದನ್ನು ಸಂಪ್ರದಾಯ ಅಂತ ಕರೆದು ನಾವು ಸುಮ್ಮನಾಗಿಬಿಟ್ಟಿದ್ದೇವೆ.

ಶ್ರಾವಣ ಬಹುಳ ಸಪ್ತಮಿ, ಅಂದರೆ ಗೋಕುಲಾಷ್ಟಮಿಯ ಹಿಂದಿನ ದಿನ, ಇಲ್ಲಿ ಶೀತಳಾ ಸಾತಮ್. ಅವತ್ತು ಒಲೆ ಹಚ್ಚುವ ಹಾಗಿಲ್ಲ. ಅದಕ್ಕೂ ಹಿಂದಿನ ದಿನ ರಾಂಧಣ್ ಛಠ್, ಅಡುಗೆಗೆಂದೇ ಮೀಸಲಾದ ಷಷ್ಠಿ. ಥೇಪ್ಲಾ ಅನ್ನುವ ಮೆಂತ್ಯಸೊಪ್ಪಿನ ರೊಟ್ಟಿ, ಪೂರಿ, ವಡಾ, ಬೆಲ್ಲದ ಸಿಹಿ ಸುಖಡಿ, ಎಲ್ಲವೂ ಅವತ್ತೇ ಆಗಬೇಕು. ರಾತ್ರಿ ಒಲೆ ಒರೆಸಿ, ಕುಂಕುಮ ಇಟ್ಟು ಪೂಜೆ ಮಾಡಿದರೆ ಮುಗಿಯಿತು. ಮಾರನೇ ದಿನ ಮನೆಮಂದಿಯೆಲ್ಲ ತಣ್ಣಗಿನದನ್ನೇ ಮೊಸರು, ಉಪ್ಪಿನಕಾಯಿ ಜೊತೆ ತಿನ್ನುತ್ತಾರೆ. ಯಾರೂ ಮುಖ ಸಿಂಡರಿಸುವುದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ಎಲ್ಲರೂ ‘ಬಾ’ ಅಂತ ಕರೆಯುತ್ತಾರೆ. ಉಳಿದ ದಿನ ಹನ್ನೊಂದು ಗಂಟೆಗೆ ಅವರನ್ನು ಮಾತಾಡಿಸಲೂ ಆಗುವುದಿಲ್ಲ, ಅಡುಗೆಮನೆಯಲ್ಲಿ ಇರುತ್ತಾರೆ. ಸಾತಮ್ ದಿನ ಮಾತ್ರ ಅದೇ ಹೊತ್ತಿಗೆ ಉಯ್ಯಾಲೆ ಮೇಲೆ ಕೂತು ಕಾಲು ಆಡಿಸುತ್ತಾ, ಹೋಗೋ ಬರೋರನ್ನೆಲ್ಲ ಕರೆದು ವಿಚಾರಿಸಿಕೊಳ್ಳುತ್ತಾರೆ.

ನಮ್ಮಲ್ಲಿ ಇಂಥದ್ದು ಇಲ್ಲವೇ ಅಂತ ಯೋಚಿಸಿದೆ. ನಾಗರಪಂಚಮಿ ದಿನ ಬಾಣಲೆ ಇಡಬಾರದು, ಕರಿಯಬಾರದು ಅನ್ನುತ್ತಾರೆ. ಸರಿ, ಕರಿಯಲಿಲ್ಲ. ಅದರ ಬದಲು ಹಬೆಯಲ್ಲಿ ಕಡುಬು ಬೇಯಿಸಿದರು! ಒಲೆಯಂತೂ ಆರಲಿಲ್ಲ.

ಅಂದಮಾತ್ರಕ್ಕೆ ಮುಂಚಿತವಾಗಿ ಮಾಡಿಡುವುದು ನಮಗೆ ಗೊತ್ತಿಲ್ಲ ಅಂತಲ್ಲ. ನಮ್ಮ ಲೆಕ್ಕ ಬೇರೆ. ಗುಜರಾತಿಗಳು ಪೂರ್ತಿ ಮಾಡಿ ಮುಗಿಸಿದ ತಿಂಡಿಯನ್ನು ಎತ್ತಿಡುತ್ತಾರೆ. ಡಬ್ಬಿ ತೆಗೆದರೆ ಥೇಪ್ಲಾ, ಇನ್ನೊಂದು ತೆಗೆದರೆ ಹಪ್ಪಳದ ಹಾಗೆ ಗರಿಗರಿಯಾದ ಖಾಖ್ರಾ, ಬಿಸಿಲಲ್ಲಿಟ್ಟು ಪಾಕ ಬರಿಸಿದ ಮಾವಿನಕಾಯಿ ಛುಂದೋ. ತೆಗೆದರು, ತಿಂದರು. ರೈಲು ಹತ್ತಿದರೆ ಎರಡು ಹೊತ್ತಿನ ಊಟ ಚೀಲದಲ್ಲೇ ಇರುತ್ತೆ. ನಾವು ಎತ್ತಿಡುವುದು ಅರ್ಧ ಅಡುಗೆಯನ್ನು. ಬೇಸಿಗೆಯಲ್ಲಿ ಮೆಣಸಿನಕಾಯಿ, ಧನಿಯ ಹುರಿದು ಮಿಲ್ಲಿಗೆ ಹಾಕಿಸಿದ ಖಾರದ ಪುಡಿ, ಪುಳಿಯೋಗರೆ ಗೊಜ್ಜು, ಸಂಡಿಗೆ, ಹಪ್ಪಳ, ಉಪ್ಪಿನಕಾಯಿ. ಇವುಗಳಲ್ಲಿ ಯಾವುದೂ ಒಂಟಿಯಾಗಿ ಊಟ ಆಗುವುದಿಲ್ಲ. ಪಕ್ಕದಲ್ಲಿ ಬಿಸಿ ಅನ್ನವೋ ಮುದ್ದೆಯೋ ಬೇಕೇ ಬೇಕು.

ರಾಗಿ ವಿಷಯ ಇನ್ನೂ ವಿಚಿತ್ರ. ಅದು ಹುಳ ಹಿಡಿಯದೆ ವರ್ಷಗಟ್ಟಲೆ ಇರುವ ಧಾನ್ಯ. ಹಿಂದೆ ನಮ್ಮ ಕಡೆ ನೆಲದೊಳಗೆ ಹಗೇವು ತೋಡಿ, ಅದರಲ್ಲಿ ತುಂಬಿ ಬಾಯಿ ಮುಚ್ಚಿಬಿಡುತ್ತಿದ್ದರು, ಬರಗಾಲಕ್ಕೆ ಇರಲಿ ಅಂತ. ಅದೇ ರಾಗಿಯನ್ನು ಹಿಟ್ಟು ಮಾಡಿ ಮುದ್ದೆ ಕಟ್ಟಿದಿರೋ, ಅರ್ಧ ಗಂಟೆಯಲ್ಲಿ ಮೇಲೆ ಚರ್ಮ ಕಟ್ಟಿಕೊಂಡು ಗಟ್ಟಿಯಾಗಿರುತ್ತೆ. ಇಡೀ ಸಮಸ್ಯೆ ಇರುವುದು ಆ ಅರ್ಧ ಗಂಟೆಯಲ್ಲಿ.

ಸಾರಿಗೆ ಆ ಅವಸರ ಇಲ್ಲ. ಬಸ್ಸಾರನ್ನೇ ತಗೊಳ್ಳಿ. ಹುರುಳಿಕಾಳು ತೊಳೆದು, ನೀರು ಜಾಸ್ತಿ ಇಟ್ಟು ಬೇಯಿಸಬೇಕು. ಬೆರಳಲ್ಲಿ ಹಿಸುಕಿದರೆ ಕಾಳು ಮೆತ್ತಗಿರಬೇಕು, ಆದರೆ ಕರಗಿ ಗಂಜಿಯಾಗಬಾರದು. ಕೊನೆಗೆ ದಂಟಿನ ಸೊಪ್ಪೋ ಸಬ್ಬಸಿಗೆಯೋ ಹಾಕಿ, ಸೊಪ್ಪು ಬೆಂದ ಮೇಲೆ ಬಸಿಯುವುದು. ಕೆಂಚು ಬಣ್ಣದ ಕಟ್ಟು ಒಂದು ಪಾತ್ರೆಗೆ, ಕಾಳು ಸೊಪ್ಪು ಇನ್ನೊಂದಕ್ಕೆ. ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಜೀರಿಗೆ, ಮೆಣಸು, ಖಾರದ ಪುಡಿ, ಕಾಯಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳು ಒಂದು ಹಿಡಿ. ಇಷ್ಟನ್ನೂ ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಬೇಯಿಸಿದ್ದು ಒಂದು ಸಲ, ಆಗಿದ್ದು ಎರಡು. ಮೊದಲ ದಿನ ಹುಳಿಯೇ ಬೇರೆ, ಖಾರವೇ ಬೇರೆ ಅನ್ನಿಸುತ್ತೆ. ಮಾರನೇ ದಿನ ಎರಡೂ ಹೊಂದಿಕೊಂಡು, ಸಾರು ಒಂದಿಷ್ಟು ಮಂದವಾಗಿ, ಬೆಳ್ಳುಳ್ಳಿ ಘಮ ಒಳಗೆ ಇಳಿದಿರುತ್ತೆ. ನಮ್ಮಜ್ಜಿ ಹೊಸ ಸಾರು ಬಡಿಸುವಾಗಲೇ ‘ಇವತ್ತು ಹೆಂಗೋ ಉಣ್ಣು, ನಾಳೆಗೆ ರುಚಿ ಬತ್ತದೆ’ ಅನ್ನುತ್ತಿದ್ದರು. ಫ್ರಿಜ್ ಇರಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಚೆನ್ನಾಗಿ ಕುದಿಸಿ ಇಡುತ್ತಿದ್ದರು. ಎಂಜಲು ಸೌಟು ಆ ಪಾತ್ರೆಯ ಹತ್ತಿರಕ್ಕೂ ಬರುವ ಹಾಗಿರಲಿಲ್ಲ.

ಉಪ್ಪೆಸರು ಇದಕ್ಕಿಂತ ಸುಲಭ. ಬಸಿದ ನೀರಿಗೆ ಉಪ್ಪು, ಅಷ್ಟೇ. ಖಾರ ಬೇರೆ ರುಬ್ಬಿಟ್ಟುಕೊಂಡು, ಬೇಕಾದಷ್ಟು ತಟ್ಟೆಯಲ್ಲೇ ಕಲಸಿಕೊಳ್ಳುವುದು. ಮನೆಯಲ್ಲಿ ಒಬ್ಬನಿಗೆ ಖಾರ ಜಾಸ್ತಿ, ಇನ್ನೊಬ್ಬನಿಗೆ ಕಡಿಮೆ ಅನ್ನುವ ಜಗಳವೇ ಇಲ್ಲ.

ಮಲೆನಾಡಿನವರು ಕಾಯುವುದನ್ನು ನಮಗಿಂತ ಚೆನ್ನಾಗಿ ಬಲ್ಲರು. ಮಳೆ ಹಿಡಿದರೆ ಪೇಟೆಗೆ ಹೋಗುವುದೇ ಕಷ್ಟ ಅನ್ನುವ ಊರುಗಳು, ಕಲಿಯದೆ ಏನು ಮಾಡಿಯಾರು? ನನ್ನ ಅತ್ತೆ ಮನೆಯಲ್ಲಿ ಕಳಲೆ, ಅಂದರೆ ಎಳೆ ಬಿದಿರು, ತಂದರೆ ಅವತ್ತು ಅದರ ಅಡುಗೆ ಇಲ್ಲ. ತೆಳ್ಳಗೆ ಹೆಚ್ಚಿ ನೀರಲ್ಲಿ ಹಾಕಿ, ಮೂರು ದಿನ ದಿನಾ ನೀರು ಬದಲಿಸಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತೆ. ನೆನೆಸಿ, ನೀರು ಚೆಲ್ಲಿ, ಬೇಯಿಸಿದರೆ ಅದು ಹೋಗುತ್ತೆ. ಮಾವಿನ ಮಿಡಿ, ಹಲಸಿನ ತೊಳೆ ಉಪ್ಪುನೀರಲ್ಲಿ ಕೂತಿರುತ್ತವೆ. ಅಕ್ಕಿತರಿಯ ಕಡುಬು ರಾತ್ರಿ ಕೋಳಿಸಾರಿಗೆ, ಉಳಿದದ್ದು ಬೆಳಿಗ್ಗೆ ಪುಡಿ ಮಾಡಿ ಒಗ್ಗರಣೆಗೆ. ಮದುವೆಯಾದ ಹೊಸತರಲ್ಲಿ ಅತ್ತೆಯನ್ನು ಕೇಳಿದ್ದೆ, ‘ಇಷ್ಟೊಂದು ಕಡುಬು ಯಾಕತ್ತೆ?’ ಅಂತ. ‘ರಾತ್ರಿಗಲ್ಲ ಮಾರಾಯ, ಬೆಳಿಗ್ಗೆ ತಿಂಡಿಗೆ’ ಅಂದರು. ಉಳಿಯಲಿ ಅಂತಲೇ ಮಾಡುವ ಅಡುಗೆ. ಈ ಬುದ್ಧಿ ನಮ್ಮ ಬಯಲುಸೀಮೆಯ ಮುದ್ದೆ ಮನೆಗಳಿಗೆ ಅಷ್ಟಾಗಿ ಬರಲಿಲ್ಲ. ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ, ಈರುಳ್ಳಿ ಹಸಿಮೆಣಸಿನಕಾಯಿ ಕಡಿದುಕೊಂಡು ಹೊಲಕ್ಕೆ ಹೋಗುತ್ತಿದ್ದುದು ನಿಜ. ಆದರೆ ಅದನ್ನು ಬಡತನದ ಊಟ ಅಂತ ಕೈಬಿಟ್ಟೆವು. ಈಗ ಬೆಂಗಳೂರಿನ ಹೋಟೆಲಿನಲ್ಲಿ ರಾಗಿ ಅಂಬಲಿಗೆ ಗಾಜಿನ ಲೋಟ, ಮೇಲೆ ಕೊತ್ತಂಬರಿ ಸೊಪ್ಪು. ಇರಲಿ.

ಚಳಿಗಾಲದಲ್ಲಿ ಮಾತ್ರ ವಡೋದರಾ ನನಗೆ ಹಾಸನವೇ ಅನ್ನಿಸುತ್ತೆ. ಅಲ್ಲಿ ಸೊಗಡಿನ ಅವರೆಕಾಯಿ ಬರುವ ಹೊತ್ತಿಗೇ ಇಲ್ಲಿ ಸೂರತ್ತಿನ ಪಾಪ್ಡಿ ಬರುತ್ತೆ. ಎರಡೂ ಒಂದೇ ಜಾತಿಯ ಬಳ್ಳಿ. ಅವರು ಸಂಕ್ರಾಂತಿಗೆ ಅದನ್ನು ಸಿಪ್ಪೆ ಸಮೇತ ಊಂಧಿಯು ಅನ್ನುವ ತರಕಾರಿ ಪಲ್ಯಕ್ಕೆ ಹಾಕುತ್ತಾರೆ. ನಾವು ಬಲಿತ ಕಾಳು ಬಿಡಿಸಿ, ರಾತ್ರಿ ನೆನೆಸಿ, ಹಿತುಕುತ್ತೇವೆ. ಹಿತುಕಿದ ಬೇಳೆಯನ್ನು ಫ್ರೀಜರಿನಲ್ಲಿಟ್ಟರೆ ಬೇಸಿಗೆವರೆಗೂ ಬರುತ್ತೆ. ಟೀವಿ ಮುಂದೆ ಕೂತು ಮಕ್ಕಳೂ ಹಿತುಕುತ್ತಾರೆ, ಅರ್ಧ ಬೇಳೆ ಸೋಫಾ ಕೆಳಗೆ ಹೋಗುತ್ತೆ. ಬಾ ಒಂದು ಸಲ ನೋಡಿ, ‘ಸಿಪ್ಪೆಗೇನು ದೋಷ?’ ಅಂತ ನಕ್ಕಿದ್ದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಸಾರು ಕಳಿಸಿಕೊಟ್ಟೆವು, ಪಾತ್ರೆ ಖಾಲಿಯಾಗಿ ವಾಪಸ್ ಬಂತು.

ಇಲ್ಲಿಯ ನಮ್ಮ ಪದ್ಧತಿ ಈಗ ಹೀಗಿದೆ. ಕಾದಷ್ಟೂ ರುಚಿ ಏರುವುದನ್ನು ಭಾನುವಾರ ಮಾಡುವುದು: ಬಸ್ಸಾರು, ಪುಳಿಯೋಗರೆ ಗೊಜ್ಜು, ಉಪ್ಪೆಸರಿನ ಖಾರ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ, ಹಸಿ ಕಾಯಿತುರಿ ಸಂಜೆಗೇ ಮುಗ್ಗಲು ವಾಸನೆ. ಹಾಗಾಗಿ ಪುಡಿ, ಗೊಜ್ಜಿಗೆ ಅರಸೀಕೆರೆ ಕಡೆಯಿಂದ ತಂದ ಕೊಬ್ಬರಿ. ಆಲೂಗಡ್ಡೆ ಹಾಕಿದ ಸಾರನ್ನು ಮಾತ್ರ ಫ್ರೀಜರಿಗೆ ಹಾಕುವುದಿಲ್ಲ, ಕರಗಿಸಿದಾಗ ಹೋಳು ತರಿತರಿಯಾಗಿ ನೀರು ಬಿಡುತ್ತೆ. ಹಾಸನದ ಆಲೂಗಡ್ಡೆಯಾದರೂ ಅಷ್ಟೇ, ಇಲ್ಲಿಯ ಡೀಸಾದ್ದಾದರೂ ಅಷ್ಟೇ. ಅನ್ನದ ವಿಷಯದಲ್ಲಿ ಹುಷಾರು. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಅಕ್ಕಿ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಇದ್ದರೆ ಅದು ಬೆಳೆದು ವಿಷ ಬಿಡುತ್ತೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನ ಆರಿದ ಕೂಡಲೇ ಫ್ರಿಜ್ಜಿಗೆ. ಇನ್ನು ರಾತ್ರಿಯೇ ಫಿಲ್ಟರಿನಲ್ಲಿ ಇಳಿಸಿಟ್ಟ ಡಿಕಾಕ್ಷನ್ ತಂಗಳು ಅಂತ ಚಿಕ್ಕಮಗಳೂರಿನಲ್ಲಿ ಇವತ್ತಿನವರೆಗೆ ಯಾರೂ ಮುನಿಸಿಕೊಂಡಿದ್ದನ್ನು ನಾನು ಕಂಡಿಲ್ಲ. ಅದಕ್ಕೊಂದು ನ್ಯಾಯ, ಊಟಕ್ಕೊಂದು ನ್ಯಾಯ.

ಗುಜರಾತಿಗಳನ್ನು ತಲೆ ಮೇಲೆ ಹೊತ್ತುಕೊಳ್ಳುವುದೂ ಬೇಡ. ಸಾತಮ್ ವರ್ಷಕ್ಕೊಂದು ದಿನ. ಉಳಿದ ದಿನ ಇಲ್ಲೂ ಗಂಡಸರು ತಟ್ಟೆ ಮುಂದೆ ಕೂತ ಮೇಲೇ ಒಂದೊಂದಾಗಿ ಬಿಸಿ ರೋಟ್ಲಿ ಬೀಳಬೇಕು. ಬೇಯಿಸಿದವರ ಊಟ ಕೊನೆಗೆ. ಆದರೆ ರಾತ್ರಿ ಊಟವನ್ನು ಅವರು ಹಗುರ ಮಾಡಿಕೊಂಡಿದ್ದಾರೆ. ಬಹಳ ಮನೆಗಳಲ್ಲಿ ಖಿಚಡಿ, ಕಢಿ, ಅಷ್ಟೇ. ಕುಕ್ಕರ್ ಕೂಗಿಸಿ ಆಚೆ ಬಂದು ಕೂರಬಹುದು. ಮುದ್ದೆ ಹಾಗಲ್ಲ. ಎಸರು ಕುದಿಯುವಾಗ ಹಿಟ್ಟು ಹಾಕಬೇಕು, ಬೇಯುವ ತನಕ ಕಾಯಬೇಕು, ಕೋಲು ಹಿಡಿದು ಗಂಟಿಲ್ಲದ ಹಾಗೆ ತಿರುವಬೇಕು, ಸುಡುವಾಗಲೇ ಕಟ್ಟಬೇಕು. ಹೊಲದಿಂದಲೋ ಆಫೀಸಿನಿಂದಲೋ ದಣಿದು ಬಂದ ಹೆಂಗಸು ರಾತ್ರಿ ಎಂಟಕ್ಕೆ ಇದನ್ನು ದಿನಾ ಮಾಡಬೇಕಾ?

ಮುದ್ದೆ ಬಿಡಿ ಅಂತ ನಾನು ಹೇಳುತ್ತಿಲ್ಲ. ನಾನೇ ಬಿಡಲಾರೆ. ಡಾಂಗ್ ಜಿಲ್ಲೆಯಲ್ಲಿ ರಾಗಿ ಬೆಳೆಯುತ್ತಾರೆ, ನಾಗ್ಲಿ ಅನ್ನುತ್ತಾರೆ. ಅದರ ಹಿಟ್ಟು ಹುಡುಕಿ ತರುವವನು ನಾನು. ಆದರೆ ಬಿಸಿ ಮುದ್ದೆಯೇ ಬೇಕು ಅನ್ನುವವನು ಕೋಲು ಹಿಡಿಯಲಿ. ನಮ್ಮ ಮನೆಯಲ್ಲಿ ಮುದ್ದೆ ತಿರುವುವುದು ನನ್ನ ಕೆಲಸ. ನನಗೆ ಸುಸ್ತಾದ ದಿನ ಮುದ್ದೆ ಇಲ್ಲ, ಬಸ್ಸಾರಿಗೆ ಅನ್ನ, ಇಲ್ಲವೇ ಡಬ್ಬಿಯ ಥೇಪ್ಲಾ. ಹುರುಳಿ ಬಸ್ಸಾರಿಗೆ ಥೇಪ್ಲಾ ಅದ್ದಿಕೊಂಡು ತಿಂದು ನೋಡಿ, ಆಮೇಲೆ ಬೈಯಿರಿ.

ಊರಿಗೆ ಹೋದಾಗ ಇದನ್ನೇ ಹೇಳಿದೆ. ಅಣ್ಣನಿಗೆ ಸರಿಬೀಳಲಿಲ್ಲ. ‘ಎಲ್ಲೋ ಹೋಗಿ ತಣ್ಣಗಿನ್ನ ರೊಟ್ಟಿ ತಿನ್ನೋದ್ ಕಲ್ತ್ ಬಂದವ್ನೆ’ ಅಂದ. ಅತ್ತಿಗೆ ಅವನೆದುರು ಏನೂ ಅನ್ನಲಿಲ್ಲ. ಹೋದ ವಾರ ಫೋನ್ ಮಾಡಿ, ‘ಆ ಮೆಂತ್ಯದ್ ರೊಟ್ಟಿ ಅಳತೆ ಏನಪ್ಪಾ?’ ಅಂತ ಕೇಳಿದರು. ಎರಡು ಲೋಟ ಗೋಧಿಹಿಟ್ಟು, ಒಂದು ಲೋಟ ಹೆಚ್ಚಿದ ಮೆಂತ್ಯಸೊಪ್ಪು, ಅರಿಶಿನ, ಅಚ್ಚಖಾರ, ಎಳ್ಳು, ಉಪ್ಪು, ಎರಡು ಚಮಚ ಎಣ್ಣೆ. ನೀರು ಕಡಿಮೆ ಹಾಕಿ ಕಲಸಿ, ತೆಳ್ಳಗೆ ಲಟ್ಟಿಸಿ, ಎಣ್ಣೆ ಬಿಟ್ಟು ಎರಡೂ ಕಡೆ ಬೇಯಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ ಅಂದೆ. ಅರ್ಧ ಲೋಟ ಗೋಧಿ ಕಡಿಮೆ ಮಾಡಿ ರಾಗಿ ಹಿಟ್ಟು ಸೇರಿಸಬಹುದಾ ಅಂದರು. ಸೇರಿಸಿ ಅತ್ತಿಗೆ, ಲಟ್ಟಿಸುವಾಗ ಅಂಚು ಬಿರಿಯುತ್ತೆ, ಅಷ್ಟೇ.