ಡಿಕ್ಕಿಯಿಂದ ಗೃಹಪ್ರವೇಶ

ನಮ್ಮ ಕಾರು ಪುಣೆಯ ಹದಿಮೂರು ಮಳೆಗಾಲ ಕಂಡಿದೆ. ಅದರ ಡ್ರೈವರ್ ಬಾಗಿಲಿಗೆ ಕೀಲಿಕೈ ಹಾಕಿ ತಿರುಗಿಸಿ ಎಷ್ಟು ವರ್ಷವಾಯಿತೋ ನೆನಪಿಲ್ಲ. ರಿಮೋಟ್ ಇದೆಯಲ್ಲ, ಒತ್ತಿದರೆ ಟಕ್ ಅಂತ ನಾಲ್ಕೂ ಬಾಗಿಲು ತೆರೆಯುತ್ತವೆ. ಆ ಬಾಗಿಲಿಗೊಂದು ತೂತಿದೆ ಅನ್ನೋದೇ ಮರೆತುಹೋಗಿತ್ತು.

ಆಗಸ್ಟಿನ ಒಂದು ಭಾನುವಾರ ಸದಾಶಿವ ಪೇಟೆಯಲ್ಲಿ ನೆಂಟರ ಮನೆ ಸತ್ಯನಾರಾಯಣ ಪೂಜೆ. ನಾನು, ಹೆಂಡತಿ, ಧಾರವಾಡದಿಂದ ಬಂದಿದ್ದ ಅವ್ವ ಹೊರಟೆವು. ಕರ್ವೆ ರಸ್ತೆಯಲ್ಲಿ ಎಂಥ ಮಳೆ ಅಂದರೆ, ಹಗಲು ಹನ್ನೊಂದಕ್ಕೆ ಹೆಡ್‌ಲೈಟ್ ಹಾಕಬೇಕಾಯಿತು. ಪೇಟೆಯೊಳಗೆ ಕಾರು ನಿಲ್ಲಿಸಲು ಜಾಗ ಸಿಗುವುದೂ ಒಂದೇ, ಸೈಟು ಸಿಗುವುದೂ ಒಂದೇ. ನಾಲ್ಕು ಸುತ್ತು ಹೊಡೆದ ಮೇಲೆ ಒಂದು ಹಳೇ ವಾಡೆಯ ಮುಂದೆ ಸ್ವಲ್ಪ ಜಾಗ ಕಂಡಿತು. ಸ್ವಲ್ಪ ಅಂದರೆ, ಗೇಟಿಗೆ ಅರ್ಧ ಅಡ್ಡ. ಗೇಟಿನ ಮೇಲೆ ಮರಾಠಿಯಲ್ಲಿ ಬೋರ್ಡಿತ್ತು: 'ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು. ವಾಪಸ್ ತುಂಬಿಸಿಕೊಡುವ ವ್ಯವಸ್ಥೆ ಇಲ್ಲ.' ಅದರ ಕೆಳಗೆ ಇನ್ನೊಂದು: 'ಮಧ್ಯಾಹ್ನ 1ರಿಂದ 4 ಬೆಲ್ ಒತ್ತಬಾರದು.'

ಇಳಿಯುವಾಗ ಏನೋ ಕುಂಯ್ ಕುಂಯ್ ಅನ್ನುತ್ತಿತ್ತು. ಯಾವುದೋ ಟೆಂಪೋ ರಿವರ್ಸ್ ಬರ್ತಿದೆ ಅಂದುಕೊಂಡು ಛತ್ರಿ ಬಿಚ್ಚಿದೆ. ಅದು ನಮ್ಮದೇ ಕಾರು. 'ಲೈಟ್ ಆರಿಸೋ ಪುಣ್ಯಾತ್ಮ' ಅಂತ ಕೂಗುತ್ತಿತ್ತು ಪಾಪ.

ಪೂಜೆ, ಆರತಿ, ಊಟ. ಪೂರಣಪೋಳಿ ಮೂರು ಅಂತ ಹೇಳಿಕೊಳ್ಳುತ್ತೇನೆ, ಹೆಂಡತಿಯ ಲೆಕ್ಕ ಬೇರೆ. ಎರಡೂವರೆಗೆ ಹೊರಗೆ ಬಂದು ರಿಮೋಟ್ ಒತ್ತಿದೆ. ಸುಮ್ಮನಿತ್ತು. ಹತ್ತಿರ ಹೋಗಿ ಒತ್ತಿದೆ. ಕಿಟಕಿ ಗಾಜಿಗೆ ತಾಗಿಸಿ ಒತ್ತಿದೆ.

'ರಿಮೋಟಿನ ಸೆಲ್ ಹೋಗಿರ್ಬೇಕು ನೋಡ್ರಿ' ಅಂದಳು ಹೆಂಡತಿ. ಅದರಲ್ಲಿರೋದು ನಾಣ್ಯದಂಥ ಮೂರು ವೋಲ್ಟಿನ ಸೆಲ್, ಸಿಆರ್2032 ಅಂತ. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅದು ಪುಣೆ, ಅದೂ ಪೇಟೆ, ಅದೂ ಭಾನುವಾರ ಮಧ್ಯಾಹ್ನ. ಓಣಿಯ ಇದ್ದಬದ್ದ ಶಟರುಗಳೆಲ್ಲ ಕೆಳಗೆ. ಆಗ ಹೆಡ್‌ಲೈಟಿನ ಕಡೆ ಕಣ್ಣು ಹೋಯಿತು. ಎಣ್ಣೆ ತೀರಿದ ದೀಪದ ಹಾಗೆ ಒಳಗೆ ಒಂದು ಕೆಂಪು ಎಳೆ. ಒಂದೊಂದು ಬಲ್ಬು 55 ವಾಟ್, ಎರಡು ಸೇರಿ ಸುಮಾರು ಒಂಬತ್ತು ಆಂಪಿಯರ್ ಕುಡಿಯುತ್ತವೆ. ಐದು ವರ್ಷದ ಮುದಿ ಬ್ಯಾಟರಿ ಮೂರೂವರೆ ಗಂಟೆ ತಡೆದದ್ದೇ ದೊಡ್ಡದು.

ಸರಿ, ಕೀಲಿಕೈ ತೂತಿಗೆ ಹಾಕಿದೆ. ಕೂದಲೆಳೆಯಷ್ಟು ತಿರುಗಿ ನಿಂತಿತು. ಒಳಗೆ ತುಕ್ಕು. ಇನ್ನೂ ಒತ್ತಿದರೆ ಅರ್ಧ ಕೀಲಿಕೈ ಅಲ್ಲೇ, ಅರ್ಧ ನನ್ನ ಕೈಯಲ್ಲಿ. ಎಡಗಡೆಯ ಬಾಗಿಲಿಗೆ ತೂತೇ ಇಲ್ಲ. ಬ್ಯಾಟರಿ ಇರೋದು ಬಾನೆಟ್ಟಿನಡಿ, ಬಾನೆಟ್ ತೆರೆಯುವ ಹಿಡಿ ಇರೋದು ಕಾರಿನೊಳಗೆ, ಕಾರು ತೆರೆಯಬೇಕಾದ ಕರೆಂಟ್ ಇರಬೇಕಾದದ್ದು ಬ್ಯಾಟರಿಯಲ್ಲಿ.

ಅವ್ವ ವಾಡೆಯ ಕಟ್ಟೆ ಮೇಲೆ ಕೂತು ಪ್ರಸಾದದ ಪೊಟ್ಟಣ ಬಿಚ್ಚಿದಳು.

ಸರಿಯಾಗಿ ನಾಲ್ಕಕ್ಕೆ ವಾಡೆಯ ಬಾಗಿಲು ತೆರೆಯಿತು. ಎಪ್ಪತ್ತು ದಾಟಿದ ಕಾಕಾ, ಕೈಯಲ್ಲಿ ಕಾರಿನ ಕೀಲಿಕೈ. ಮೊದಲು ಬೋರ್ಡ್ ನೋಡಿದರು, ಆಮೇಲೆ ನನ್ನ ಟೈರು, ಆಮೇಲೆ ನನ್ನ ಮುಖ. 'ಓದಲಿಕ್ಕೆ ಬರುತ್ತಾ?' ಅಂತ ಮರಾಠಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ತನ್ನ ಧಾರವಾಡದ ಮರಾಠಿಯಲ್ಲಿ 'ಕೀಲಿ ಕೆಟ್ಟದ' ಅಂತ ಹೇಳಿಬಿಟ್ಟಳು. ನಮ್ಮ ಕಡೆ ಕೀಲಿ ಅಂದರೆ ಬೀಗ. ಅವರ ಕಿಲ್ಲಿ ಅಂದರೆ ಕೀಲಿಕೈ. ಕಾಕಾ ನನ್ನ ಕೀಲಿಕೈ ಇಸಿದುಕೊಂಡು, ಅಂಗಿಯ ತುದಿಯಿಂದ ಒರೆಸಿ, ಐದು ನಿಮಿಷ ಹಿಂದೆ ಮುಂದೆ ಪರೀಕ್ಷೆ ಮಾಡಿ, 'ಇದಕ್ಕೇನಾಗಿದೆ? ಚೆನ್ನಾಗಿದೆಯಲ್ಲ' ಅಂದರು.

ಧಾರವಾಡ ಅಂತ ಗೊತ್ತಾಗಿದ್ದೇ ಮುಖ ಸಡಿಲವಾಯಿತು. 'ಗಾಯಕ ಭೀಮಸೇನ ಜೋಶಿ ನಮ್ಮ ಪುಣೆಯವರು' ಅಂದರು. 'ಹುಟ್ಟಿದ್ದು ಗದಗ ಸೀಮ್ಯಾಗ. ಕಲಿತದ್ದು ಕುಂದಗೋಳದಾಗ' ಅಂದಳು ಅವ್ವ. ಕಾಕಾ ಆ ವಿಷಯ ಬಿಟ್ಟುಕೊಡಲಿಲ್ಲ. ಭೀಮಸೇನಜಿ ತಾವೇ ಕಾರು ಓಡಿಸಿಕೊಂಡು ದೂರದೂರದ ಸಂಗೀತ ಕಛೇರಿಗಳಿಗೆ ಹೋಗುತ್ತಿದ್ದರು, ಕಾರಿನ ರಿಪೇರಿಯೂ ಬರುತ್ತಿತ್ತು ಅಂತ ಹೇಳಿ ನನ್ನ ಕಡೆ ತಿರುಗಿ ನೋಡಿದರು. ಆ ನೋಟದ ಅರ್ಥ ನನಗಾಯಿತು.

ಡಿಕ್ಕಿಗೂ ಒಂದು ತೂತಿದೆ ಅಂತ ತೋರಿಸಿದವರು ಅವರೇ. ಕೀಲಿಕೈ ಹಾಕಿದರೆ ಬೆಣ್ಣೆಯ ಹಾಗೆ ತಿರುಗಿತು. ಇನ್ನು ಯಾರಾದರೂ ಒಳಗೆ ನುಸುಳಬೇಕು. ಮೂವರೂ ನನ್ನನ್ನೇ ನೋಡಿದರು.

ಪೂಜೆಗೆ ಅಂತ ಉಟ್ಟಿದ್ದ ರೇಷ್ಮೆ ಮಡಿ ಎತ್ತಿ ಕಟ್ಟಿ ತಲೆ ತೂರಿಸಿದೆ. ಹಿಂದಿನ ಸೀಟಿನ ಬೆನ್ನು ಮಡಚಿದರೆ ಸಾಕಷ್ಟು ಜಾಗ ಆಗುತ್ತದೆ, ಪೂರಣಪೋಳಿ ತಿಂದಿರಬಾರದು ಅಷ್ಟೇ. ಸೊಂಟದ ಹತ್ತಿರ ಸಿಕ್ಕಿಕೊಂಡೆ. ಕಾಲು ರಸ್ತೆಯಲ್ಲಿ, ತಲೆ ಸೀಟಿನ ಮೇಲೆ. ಹೊರಗಿನಿಂದ ಅವ್ವನ ದನಿ ಕೇಳಿತು: 'ಹುಟ್ಟೂಮುಂದನೂ ಹಿಂಗ ತ್ರಾಸ ಕೊಟ್ಟಿದ್ದ ನೋಡ್ರಿ ಇಂವ.'

ಹೇಗೋ ಒಳಗೆ ಬಿದ್ದು ಹಿಂದಿನ ಬಾಗಿಲಿನ ಹಿಡಿ ಎಳೆದೆ. ತೆರೆಯಲಿಲ್ಲ. ಇನ್ನೊಂದು ಕಡೆಯದೂ ಅಷ್ಟೇ. ಚೈಲ್ಡ್ ಲಾಕ್! ಮಗ ಐದು ವರ್ಷದವನಿದ್ದಾಗ ಹಾಕಿದ್ದು. ಅವನೀಗ ಎಂಜಿನಿಯರಿಂಗ್ ಕಾಲೇಜಿಗೆ ಅರ್ಜಿ ಹಾಕುತ್ತಿದ್ದಾನೆ. ಆಮೇಲೆ ಎರಡು ಸೀಟುಗಳ ನಡುವೆ ದಾಟಿ ಮುಂದೆ ಹೋದದ್ದು, ಗೇರ್ ರಾಡ್ ಎಲ್ಲಿ ಚುಚ್ಚಿತು ಅನ್ನೋದು, ಇದೆಲ್ಲ ಇಲ್ಲಿ ಬೇಡ.

ಕಾಕಾ ಅಷ್ಟರಲ್ಲಿ ಒಂದು ಕಾರಿನ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟ್ ಕೊಡುವ ಜಂಪ್ ಕೇಬಲ್ ತಂದಿದ್ದರು. ಅದಕ್ಕೊಂದು ರಟ್ಟಿನ ಚೀಟಿ ಕಟ್ಟಿತ್ತು: 'ಬೇರೆಯವರ ವಸ್ತು. ವಾಪಸ್ ಕೊಡುವುದು.' ಅವರ ಕಾರನ್ನು ಮೂಗಿಗೆ ಮೂಗು ತಂದು ನಿಲ್ಲಿಸಿ ಪಾಠ ಶುರು ಮಾಡಿದರು. ಮೊದಲು ಕೆಂಪು, ಪ್ಲಸ್ಸಿಗೆ ಪ್ಲಸ್ಸು. ಆಮೇಲೆ ಕಪ್ಪು, ಅವರ ಬ್ಯಾಟರಿಯ ಮೈನಸ್ಸಿಗೆ. ಕೊನೆಯ ಕಪ್ಪು ತುದಿ ಮಾತ್ರ ನನ್ನ ಬ್ಯಾಟರಿಗಲ್ಲ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. 'ಯಾಕೆ ಹೇಳಿ?' ಅಂದರು. ನಾನು ಸುಮ್ಮನಿದ್ದೆ. 'ಬ್ಯಾಟರಿಯಿಂದ ಹೈಡ್ರೋಜನ್ ಬರ್ತದೆ. ಅದರ ಹತ್ತಿರ ಕಿಡಿ ಹಾರಿದರೆ ನೀವೂ ಹಾರ್ತೀರಿ, ನನ್ನ ಬೋರ್ಡೂ ಹಾರ್ತದೆ.' ತುಕ್ಕಿಗೆ ಎಣ್ಣೆ ಹಾಕಬೇಡಿ, ಧೂಳು ಹಿಡಿಯುತ್ತದೆ, ಪೆನ್ಸಿಲ್ ಮೊನೆ ಪುಡಿ ಮಾಡಿ ಊದಿ ಅಂತಲೂ ಹೇಳಿದರು. ಹತ್ತು ನಿಮಿಷದ ಮೇಲೆ ಕೀಲಿಕೈ ತಿರುಗಿಸಿದೆ. ಎರಡು ಸಲ ಕೆಮ್ಮಿ ಎಂಜಿನ್ ಎದ್ದಿತು.

'ಅರ್ಧ ಗಂಟೆ ಬಂದ್ ಮಾಡಬೇಡಿ' ಅಂದರು ಕಾಕಾ. 'ಹಂಗಾರ ದಗಡೂಶೇಠ್ ಗಣಪತಿ ನೋಡ್ಕೊಂಡು ಹೋಗೂಣು' ಅಂದಳು ಅವ್ವ. ಅತ್ತೆ ಸೊಸೆ ದರ್ಶನಕ್ಕೆ ಹೋದರು. ನಾನು ಎಂಜಿನ್ ಆರದ ಹಾಗೆ ಹೊರಗೆ ಏಳು ಪ್ರದಕ್ಷಿಣೆ ಹಾಕಿದೆ.

ಮನೆಗೆ ಬಂದು ಡಿಕ್ಕಿ ತೆರೆದರೆ ಕಾಕಾನ ಕೇಬಲ್, ಚೀಟಿ ಸಮೇತ. ಮರುದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಓಡಿದೆ. ಈ ಸಲ ಕಾರು ಬೇಡ ಅಂತ ರಿಕ್ಷಾದಲ್ಲಿ. ಗೇಟಿನ ಮುಂದೆ ಇಳಿದು ಬೆಲ್ ಮೇಲೆ ಬೆರಳಿಟ್ಟವನು ಗಡಿಯಾರ ನೋಡಿದೆ. ಒಂದು ಗಂಟೆ ಹತ್ತು ನಿಮಿಷ. ಹೋಗಿ ಅವ್ವ ಕೂತಿದ್ದ ಕಟ್ಟೆ ಮೇಲೆ ಕೂತೆ.